ಲೈಂಗಿಕ ಶಿಕ್ಷಣದಲ್ಲಿ ವಿದ್ಯಾರ್ಥಿಗಳ ಪಾಲುಗೊಳ್ಳುವಿಕೆ: ದುಬೈ ಮತ್ತು ಅಬುಧಾಬಿ

ಲೈಂಗಿಕ ಶಿಕ್ಷಣವೆಂಬುದು ಶರೀರದ ಬೆಳವಣಿಗೆ, ಋತುಧರ್ಮ, ಸಂತಾನೋತ್ಪತ್ತಿ, ರೋಗನಿವಾರಣೆ, ಸ್ತ್ರೀಪುರುಷರ ಪರಸ್ಪರ ಗೌರವ, ದುರುಳರಿಂದ ಆತ್ಮರಕ್ಷಣೆ ಮುಂತಾದ ವಿಷಯಗಳನ್ನು ವಯಸ್ಸಿಗೆ ತಕ್ಕಂತೆ ಬಾಲಕ ಬಾಲಿಕೆಯರಿಗೆ ತಿಳಿಯಪಡಿಸುವ ವಿದ್ಯಾಭಾಗ. ಗಣಿತದಲ್ಲಾಗಲಿ ಭೂಗೋಳದಲ್ಲಾಗಲಿ ವಿದ್ಯಾರ್ಥಿಯು ಪಾಠದಲ್ಲಿ ಪಾಲುಗೊಂಡನೋ ಇಲ್ಲವೋ ಎಂಬುದನ್ನು ಅವನು ಎತ್ತಿದ ಕೈಯಿಂದಲೇ ತಿಳಿಯಬಹುದು. ಈ ವಿದ್ಯೆಯಲ್ಲಾದರೋ ತಂದೆತಾಯಿಗಳು ಮಗುವನ್ನು ತರಗತಿಗೆ ಕಳುಹಿಸುವುದು, ಮಗು ಅಲ್ಲಿ ಕುಳಿತು ಕೇಳುವುದು, ಕೇಳಿದ್ದರ ಮೇಲೆ ಪ್ರಶ್ನಿಸುವುದು, ಉತ್ತರ ಸಾಲದೆ ಹೋದರೆ ದಾದಿಯನ್ನೋ ವೈದ್ಯರನ್ನೋ ಕಾಣುವುದು, ಹೀಗೆ ಹಲವು ಮೆಟ್ಟಲುಗಳುಂಟು. ಒಂದೊಂದು ಮೆಟ್ಟಲಿನಲ್ಲಿಯೂ ಮನೆ, ಮತ, ಕುಲಾಚಾರ, ರಾಜ್ಯಶಾಸನ ಎಂಬಿವು ನಿಂತು ಮಗುವನ್ನು ಮುಂದಕ್ಕೆ ಬಿಡುತ್ತವೆ ಅಥವಾ ತಡೆಯುತ್ತವೆ. ದುಬೈ ಮತ್ತು ಅಬುಧಾಬಿಗಳಲ್ಲಿ ನೆಲೆಸಿರುವ ಕನ್ನಡನಾಡಿನ ಕುಟುಂಬಗಳಲ್ಲಿ ಈ ನಾಲ್ಕೂ ಶಕ್ತಿಗಳು ಏಕಕಾಲದಲ್ಲಿ ಕಾಣಸಿಗುವುದರಿಂದ ಆ ನಗರಗಳ ಭಾರತೀಯ ಶಾಲೆಗಳನ್ನೇ ಮುಖ್ಯ ನಿದರ್ಶನವಾಗಿಟ್ಟುಕೊಂಡು ಇಲ್ಲಿ ವಿಷಯವನ್ನು ನಿರೂಪಿಸಿದೆ.

1971ರ ಡಿಸೆಂಬರ್ 2ರಂದು ಆರು ಸಂಸ್ಥಾನಗಳು ಕೂಡಿ, ಮರುವರ್ಷ ಫೆಬ್ರವರಿಯಲ್ಲಿ ರಾಸ್ ಅಲ್ ಖೈಮಾ ಸೇರಿ ಏಳಾದ ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಭಾರತೀಯರ ಸಂಖ್ಯೆ ಈಗ 35 ಲಕ್ಷವನ್ನು ಮೀರಿದೆ. ಅವರ ಮಕ್ಕಳ ವಿದ್ಯಾಭ್ಯಾಸದ ಚಿಂತೆ ಒಕ್ಕೂಟಕ್ಕಿಂತಲೂ ಹಳೆಯದು: ದುಬೈಯ ಇಂಡಿಯನ್ ಹೈಸ್ಕೂಲು 1961ರಲ್ಲಿಯೇ ಆರಂಭವಾಯಿತು, ಅಬುಧಾಬಿ ಇಂಡಿಯನ್ ಸ್ಕೂಲು 1975ರಲ್ಲಿ ಹುಟ್ಟಿತು. ಇಂತಹ ಶಾಲೆಗಳಲ್ಲಿ ಬಹುಪಾಲಿನವು ದೆಹಲಿಯ ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಯ, ಎಂದರೆ ಎಲ್ಲರೂ ಸಿಬಿಎಸ್ಇ ಎಂದು ಕರೆಯುವ ಸಂಸ್ಥೆಯ, ಪಠ್ಯಕ್ರಮವನ್ನು ಅನುಸರಿಸುತ್ತವೆ. ಆದರೆ ಅವುಗಳ ಮೇಲ್ವಿಚಾರಣೆ ಸ್ಥಳೀಯ ಪ್ರಭುತ್ವದ್ದು. ದುಬೈಯಲ್ಲಿ 2006ರಲ್ಲಿ ಸ್ಥಾಪಿತವಾದ ಜ್ಞಾನ ಮತ್ತು ಮಾನವ ಅಭಿವೃದ್ಧಿ ಪ್ರಾಧಿಕಾರವೂ ಅಬುಧಾಬಿಯಲ್ಲಿ ಆ ನಗರದ ಶಿಕ್ಷಣ ಮತ್ತು ಜ್ಞಾನ ಇಲಾಖೆಯೂ ಶಾಲೆಗಳನ್ನು ಪರಿಶೀಲಿಸುತ್ತವೆ. ಪಠ್ಯಪುಸ್ತಕ ದೆಹಲಿಯದು, ಅದನ್ನು ಬೋಧಿಸುವ ಮೇರೆ ಅರಬ್ಬೀ ನೆಲದ್ದು, ಅದನ್ನು ಕೇಳುವ ಮಗುವಿನ ಸಂಸ್ಕಾರ ಉಡುಪಿ, ಮಂಗಳೂರು, ಭಟ್ಕಳ, ಬೆಂಗಳೂರು ಅಥವಾ ಧಾರವಾಡದ್ದು ಎಂಬ ಈ ತ್ರಿವೇಣಿಯೇ ಮುಂದಿನ ಎಲ್ಲ ಜಟಿಲತೆಗಳಿಗೂ ಮೂಲ.

ಮೊದಲು ರಾಜ್ಯದ ನಿಲುವನ್ನು ನೋಡಬೇಕು. 1994ರ ಸೆಪ್ಟೆಂಬರಿನಲ್ಲಿ ಕೈರೋ ನಗರದಲ್ಲಿ ಸೇರಿದ ಜನಸಂಖ್ಯೆ ಮತ್ತು ಅಭಿವೃದ್ಧಿಯ ಅಂತರರಾಷ್ಟ್ರೀಯ ಸಮ್ಮೇಳನವು ಹದಿಹರೆಯದವರಿಗೆ ಲೈಂಗಿಕ ಆರೋಗ್ಯದ ಅರಿವನ್ನು ಕೊಡಬೇಕೆಂದು ಘೋಷಿಸಿದಾಗ ಎಮಿರೇಟ್ಸ್‌ನ ಪ್ರತಿನಿಧಿಗಳು ಗರ್ಭಪಾತವನ್ನು ಕುಟುಂಬಯೋಜನೆಯ ಸಾಧನವೆಂದು ತಾವು ಎಣಿಸುವುದಿಲ್ಲವೆಂದೂ ಇಸ್ಲಾಮೀ ಧರ್ಮಶಾಸ್ತ್ರದ ತತ್ತ್ವಗಳಿಗೆ ತಾವು ಬದ್ಧರೆಂದೂ ಲಿಖಿತವಾಗಿ ದಾಖಲಿಸಿದರು. ವಿವಾಹಬಾಹಿರ ಸಂಬಂಧವು ಅಲ್ಲಿ ದಂಡನೀಯ ಅಪರಾಧ. 2022ರ ಜನವರಿ 2ರಿಂದ ಜಾರಿಗೆ ಬಂದ ಹೊಸ ದಂಡಸಂಹಿತೆಯು ಗಂಡನ ಅಥವಾ ಪಾಲಕನ ದೂರಿಲ್ಲದೆ ಮೊಕದ್ದಮೆ ಹೂಡುವಂತಿಲ್ಲವೆಂದು ಅದನ್ನು ಸಡಿಲಿಸಿತಾದರೂ ಅಪರಾಧವು ಅಪರಾಧವಾಗಿಯೇ ಉಳಿಯಿತು. ಇಂತಹ ನಾಡಿನಲ್ಲಿ ಯುನೆಸ್ಕೋ ಸಂಸ್ಥೆಯು 2009ರಲ್ಲಿ ಪ್ರಕಟಿಸಿ 2018ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಯ ಸಮಗ್ರ ಲೈಂಗಿಕ ಶಿಕ್ಷಣವನ್ನು ಅದರ ಪೂರ್ಣ ರೂಪದಲ್ಲಿ ಶಾಲೆಗಳಿಗೆ ತರುವುದು ಯಾವ ಮುಖ್ಯೋಪಾಧ್ಯಾಯನಿಗೂ ಸಾಧ್ಯವಿಲ್ಲ. ಇಂಗ್ಲೆಂಡಿನ ಶಾಲೆಗಳಲ್ಲಿ 2020ರ ಸೆಪ್ಟೆಂಬರಿನಿಂದ ಈ ವಿಷಯ ಕಡ್ಡಾಯವಾದರೂ ದುಬೈಯಲ್ಲಿರುವ ಬ್ರಿಟಿಷ್ ಪಠ್ಯಕ್ರಮದ ಶಾಲೆಗಳು ಆತಿಥೇಯ ರಾಷ್ಟ್ರದ ಕಾನೂನಿಗೆ ಒಳಪಟ್ಟೇ ನಡೆಯಬೇಕಾಗಿದೆ.

ಹಾಗೆಂದು ಆ ಪ್ರಭುತ್ವವು ಈ ವಿಷಯವನ್ನು ಸಂಪೂರ್ಣವಾಗಿ ಮುಚ್ಚಿಟ್ಟಿದೆಯೆಂದು ತಿಳಿಯುವುದು ಅನ್ಯಾಯ. ತಂದೆಯ ಕ್ರೌರ್ಯಕ್ಕೆ ಸಿಲುಕಿ ಸತ್ತ ವದೀಮಾ ಎಂಬ ಬಾಲಿಕೆಯ ಹೆಸರಿನಿಂದ ಪ್ರಸಿದ್ಧವಾದ 2016ರ 3ನೆಯ ಸಂಖ್ಯೆಯ ಬಾಲಹಕ್ಕುಗಳ ಕಾನೂನು ಮಗುವಿನ ಮೇಲಿನ ದೌರ್ಜನ್ಯವನ್ನು ಕಂಡ ಉಪಾಧ್ಯಾಯ, ವೈದ್ಯ, ಸಮಾಜಕಾರ್ಯಕರ್ತರು ಅದನ್ನು ವರದಿ ಮಾಡತಕ್ಕದ್ದೆಂದು ವಿಧಿಸಿತು. ಶರೀರರಕ್ಷಣೆಯ ಪಾಠಕ್ಕೆ ಶಾಲೆಗಳಲ್ಲಿ ನಿರ್ಭಯವಾದ ಒಂದು ಬಾಗಿಲು ತೆರೆದದ್ದು ಇದರಿಂದ. 2017ರಲ್ಲಿ ಶಾಲೆಗಳಿಗೆ ಬಂದ ನೈತಿಕ ಶಿಕ್ಷಣದ ಪಠ್ಯಕ್ರಮವು ಶೀಲ, ವ್ಯಕ್ತಿ ಮತ್ತು ಸಮುದಾಯ, ನಾಗರಿಕತ್ವ, ಸಂಸ್ಕೃತಿ ಎಂಬ ನಾಲ್ಕು ಸ್ತಂಭಗಳ ಮೇಲೆ ನಿಂತದ್ದು; ಸರಕಾರಿ ಶಾಲೆಗಳಿಗೂ ಖಾಸಗಿ ಶಾಲೆಗಳಿಗೂ ಸಮಾನವಾಗಿ ಅನ್ವಯಿಸತಕ್ಕದ್ದು. ಆರೋಗ್ಯ, ಹೊಣೆಗಾರಿಕೆ, ಅನ್ಯರಲ್ಲಿ ಗೌರವ ಎಂಬ ಮಾತುಗಳ ಆಶ್ರಯದಲ್ಲಿ ಅಲ್ಲಿ ಹೇಳಬಹುದಾದದ್ದು ಅಲ್ಪವೇನೂ ಅಲ್ಲ. ಆದರೆ ಅದನ್ನು ಎಷ್ಟು ಹೇಳುವುದೆಂಬುದು ಬೋಧಕನ ಧೈರ್ಯವನ್ನು ಅವಲಂಬಿಸಿದೆ.

ಭಾರತೀಯ ಪಠ್ಯಕ್ರಮದ ಪೂರ್ವೇತಿಹಾಸವೂ ಸರಳವಲ್ಲ. ಮೈಸೂರು ಸಂಸ್ಥಾನವು 1930ರಲ್ಲಿಯೇ ಸರಕಾರದ ವತಿಯಿಂದ ಸಂತಾನನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದು ಜಗತ್ತಿಗೆ ಮೇಲ್ಪಂಕ್ತಿಯಾಗಿದ್ದಿತೆಂಬುದನ್ನು ನೆನೆದರೆ, ಅದೇ ನಾಡು 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ವಿರೋಧಿಸಿದ ರಾಜ್ಯಗಳ ಸಾಲಿನಲ್ಲಿ ನಿಂತದ್ದು ಸೋಜಿಗವೆನಿಸುತ್ತದೆ. ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯವೂ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೂ ಸೇರಿ 2005ರಲ್ಲಿ ಆರಂಭಿಸಿದ ಆ ಕಾರ್ಯಕ್ರಮದ ಬೋಧನಸಾಮಗ್ರಿಯ ಚಿತ್ರಗಳೂ ಭಾಷೆಯೂ ಭಾರತೀಯ ಸಂಸ್ಕೃತಿಗೆ ಒಗ್ಗತಕ್ಕವಲ್ಲವೆಂಬ ಕೂಗೆದ್ದಿತು, ಎಂ. ವೆಂಕಯ್ಯ ನಾಯ್ಡು ಅವರ ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿಯು 2009ರಲ್ಲಿ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಕೂಡದೆಂದೇ ಅಭಿಪ್ರಾಯಪಟ್ಟಿತು. ಈ ಗದ್ದಲವೆಲ್ಲ ಪ್ರತ್ಯೇಕ ಕಾರ್ಯಕ್ರಮದ ಸುತ್ತ ನಡೆಯಿತೇ ಹೊರತು ವಿಜ್ಞಾನದ ಪಠ್ಯಪುಸ್ತಕವನ್ನು ಯಾರೂ ಅಷ್ಟಾಗಿ ಮುಟ್ಟಲಿಲ್ಲ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಪ್ರಕಟಿಸಿದ ಪುಸ್ತಕಗಳಲ್ಲಿ ಹಿರಿಯ ಪ್ರಾಥಮಿಕ ತರಗತಿಗೆ ಹದಿಹರೆಯದ ಕುರಿತು ಒಂದು ಅಧ್ಯಾಯ, ಹತ್ತನೆಯದಕ್ಕೆ ಜೀವಿಗಳ ಸಂತಾನೋತ್ಪತ್ತಿಯ ಅಧ್ಯಾಯ, ಹನ್ನೆರಡನೆಯದರ ಜೀವಶಾಸ್ತ್ರದಲ್ಲಿ ಮಾನವ ಸಂತಾನೋತ್ಪತ್ತಿ ಮತ್ತು ಸಂತಾನೋತ್ಪತ್ತಿ ಆರೋಗ್ಯ ಎಂಬ ಅಧ್ಯಾಯಗಳು ನೆಲೆನಿಂತವು. ದುಬೈಯ ಕನ್ನಡ ಮಗುವಿಗೆ ದೊರೆಯುವ ಲೈಂಗಿಕ ಶಿಕ್ಷಣದ ಬೆನ್ನೆಲುಬು ಈ ಅಧ್ಯಾಯಗಳೇ. ಹತ್ತನೆಯ ತರಗತಿಯ ಬಳಿಕ ವಾಣಿಜ್ಯವನ್ನು ಆರಿಸಿಕೊಂಡವರಿಗೆ ಅದೂ ಇಲ್ಲ.

ಪರೀಕ್ಷೆಯೆಂಬ ಸಂಸ್ಥೆಯ ಮಹಿಮೆಯನ್ನು ಇಲ್ಲಿ ಹೇಳಲೇಬೇಕು. ಮನೆಯಲ್ಲಿ ಯಾವ ಶಬ್ದವನ್ನು ಉಚ್ಚರಿಸಿದರೆ ಊಟದ ಮೇಜು ಸ್ತಬ್ಧವಾಗುವುದೋ ಅದೇ ಶಬ್ದವನ್ನು ಮಂಡಳಿಯ ಪರೀಕ್ಷೆಯಲ್ಲಿ ಅಂಕಕ್ಕಾಗಿ ಬರೆಯಲು ಯಾವ ತಂದೆಯೂ ಅಡ್ಡಿಯೆನ್ನನು. ಗರ್ಭನಿರೋಧಕ ವಿಧಾನಗಳ ಪಟ್ಟಿಯನ್ನು ಕಂಠಪಾಠ ಮಾಡಿದ ಹುಡುಗಿಯನ್ನು ತಾಯಿಯೇ ಪುಸ್ತಕ ಹಿಡಿದು ಪ್ರಶ್ನಿಸಿ ಒಪ್ಪಿಸಿಕೊಳ್ಳುವ ದೃಶ್ಯವೂ ಅಸಂಭವವಲ್ಲ. ಭಾರತೀಯ ಮಧ್ಯಮವರ್ಗದ ಮನೆಗಳಲ್ಲಿ ವಿದ್ಯೆಗೆ, ವಿಶೇಷವಾಗಿ ಅಂಕಕ್ಕೆ, ಇರುವ ಪಾವಿತ್ರ್ಯವು ವಿಷಯದ ಮೈಲಿಗೆಯನ್ನು ತೊಳೆಯುತ್ತದೆ. ಆದರೆ ಈ ಅನುಮತಿಯು ಉತ್ತರಕ್ಕೆ ಮಾತ್ರ ಸಂದದ್ದು, ಪ್ರಶ್ನೆಗಲ್ಲ. ಪುಸ್ತಕದಲ್ಲಿಲ್ಲದ ಪ್ರಶ್ನೆಯನ್ನು ಕೇಳಿದ ವಿದ್ಯಾರ್ಥಿಯ ಮೇಲೆ ಸಹಪಾಠಿಗಳ ನಗೆಯೂ ಉಪಾಧ್ಯಾಯರ ಅನುಮಾನವೂ ಒಟ್ಟಿಗೆ ಬೀಳುತ್ತವೆ. ಆದ್ದರಿಂದ ಅಂಕಪಟ್ಟಿಯನ್ನು ನೋಡಿ ಈ ಶಿಕ್ಷಣ ಫಲಿಸಿತೆನ್ನುವವರು ಅದರ ಅರ್ಧವನ್ನು ಮಾತ್ರ ಕಂಡವರು.

ಇನ್ನು ಮಕ್ಕಳ ಈ ಮೌನಕ್ಕೆ ಕಾರಣವೇನು? ನಮ್ಮ ಸಂಸ್ಕೃತಿ ಇವುಗಳನ್ನು ಮಾತನಾಡಲೊಲ್ಲದು ಎಂಬ ಉತ್ತರ ಸುಲಭವಾದದ್ದು. ಆದರೆ ಅದು ಸತ್ಯವಲ್ಲ. ಎಮಿರೇಟ್ಸ್‌ನ ಕನ್ನಡಿಗರಲ್ಲಿ ದೊಡ್ಡ ಪಾಲು ಕರಾವಳಿಯವರು: ಬಂಟರು, ಬಿಲ್ಲವರು, ಮೊಗವೀರರು, ಬ್ಯಾರಿಗಳು, ನವಾಯತರು, ಕೊಂಕಣಿ ಕ್ರೈಸ್ತರು. ಆ ಕರಾವಳಿಯ ತುಳುನಾಡಿನಲ್ಲಿ ಮಕರಮಾಸದ ಕೊನೆಯಲ್ಲಿ ಬರುವ ಕೆಡ್ಡಸವೆಂಬ ಹಬ್ಬದಲ್ಲಿ ಭೂಮಿತಾಯಿಯೇ ಋತುಮತಿಯಾದಳೆಂದು ಭಾವಿಸಿ ಮೂರು ದಿನ ನೇಗಿಲು ಹೂಡದೆ, ಗುದ್ದಲಿ ತಗಲಿಸದೆ ನೆಲಕ್ಕೆ ವಿಶ್ರಾಂತಿ ಕೊಡುತ್ತಾರೆ. ಹುರಿದ ಅಕ್ಕಿಯ ಹಿಟ್ಟಿಗೆ ಬೆಲ್ಲ, ತೆಂಗಿನಕಾಯಿ ಬೆರೆಸಿದ ನನ್ನೆರಿಯನ್ನು ಹಂಚುತ್ತಾರೆ. ಕಡೆಯ ದಿನ ಹೆಂಗಸರು ನೆಲಕ್ಕೆ ಎಣ್ಣೆ ಬಿಟ್ಟು ಅವಳನ್ನು ಮೀಯಿಸುತ್ತಾರೆ. ಗಂಡಸರು, ಮಕ್ಕಳು, ಮುದುಕರೆಲ್ಲರೂ ತಿಳಿದು ಆಚರಿಸುವ ಹಬ್ಬವಿದು. ಘಟ್ಟದ ಮೇಲೆಯೂ ಹುಡುಗಿ ದೊಡ್ಡವಳಾದಾಗ ಆರತಿ ಮಾಡಿ, ಒಸಗೆ ಇಟ್ಟು, ಚಿಗಳಿ, ಕೊಬ್ಬರಿ ತಿನ್ನಿಸಿ ಕೇರಿಗೆಲ್ಲ ಸುದ್ದಿ ತಿಳಿಸುವ ವಾಡಿಕೆ ಬಹುಕಾಲ ನಡೆದುಬಂದಿತು. ಈ ಆಚರಣೆಗಳೊಡನೆ ಅಂಟುಮುಟ್ಟಿನ ಕಟ್ಟಳೆಗಳೂ ಹೊರಗೆ ಕೂರುವ ಕಷ್ಟವೂ ಹೆಣೆದುಕೊಂಡಿದ್ದುದನ್ನು ಮರೆಯುವಂತಿಲ್ಲ. ಅದನ್ನು ವೈಭವೀಕರಿಸುವ ಉದ್ದೇಶವೂ ಇಲ್ಲಿಲ್ಲ. ಆದಾಗ್ಯೂ ಒಂದು ಮಾತು ಸ್ಪಷ್ಟ: ಪರಂಪರೆಯು ಈ ಮಾತಿಗೆ ಆಡತಕ್ಕವರನ್ನು, ಆಡತಕ್ಕ ಸ್ಥಳವನ್ನು, ಆಡತಕ್ಕ ಸಮಯವನ್ನು ನಿಯಮಿಸಿತ್ತು. ಹುಡುಗಿಗೆ ಅಜ್ಜಿ, ಸೋದರತ್ತೆ, ದೊಡ್ಡಮ್ಮ, ಮದುವೆಯಾದ ಅಕ್ಕ. ತಾಯಿಯೇ ನೇರವಾಗಿ ಹೇಳುವುದು ಕೂಡ ವಿರಳವೇ. ತಂದೆಯ ಸಮ್ಮುಖದಲ್ಲಾಗಲಿ ಗುರುವಿನ ಸಮ್ಮುಖದಲ್ಲಾಗಲಿ, ಅದೂ ಹುಡುಗರು ಹುಡುಗಿಯರು ಬೆರೆತು ಕುಳಿತಲ್ಲಿ, ಈ ಮಾತು ಬಾರದು. ಶಾಲೆಯ ತರಗತಿಯಾದರೋ ಇವೆಲ್ಲವೂ ಕೂಡಿಬಂದಿರುವ ಸ್ಥಳ.

ವಲಸೆ ಇಲ್ಲಿ ಮಾಡಿದ ಹಾನಿ ವಿಶೇಷವಾದದ್ದು. ದುಬೈಯ ಕರಾಮಾದ ಅಥವಾ ಅಬುಧಾಬಿಯ ಮುಸಫ್ಫಾದ ಎರಡು ಕೋಣೆಗಳ ಬಾಡಿಗೆ ಮನೆಯಲ್ಲಿ ತಾಯಿ, ತಂದೆ, ಒಂದೋ ಎರಡೋ ಮಕ್ಕಳು. ಅಜ್ಜಿ ಊರಿನಲ್ಲಿ, ಅತ್ತೆ ಮುಂಬಯಿಯಲ್ಲಿ. ಬೇಸಗೆಯ ರಜೆಯಲ್ಲಿ ಜುಲೈ, ಆಗಸ್ಟ್ ತಿಂಗಳಿನ ಮಳೆಗೆ ಊರಿಗೆ ಹೋದ ಕೆಲವು ವಾರಗಳಲ್ಲಿ ಬಂಧುಗಳ ಮನೆ ಸುತ್ತುವುದರಲ್ಲಿಯೇ ಕಾಲ ಕಳೆಯುತ್ತದೆ. ಹುಡುಗಿ ದೊಡ್ಡವಳಾದ ಸುದ್ದಿ ಅಜ್ಜಿಗೆ ದೂರವಾಣಿಯಲ್ಲಿ ಮುಟ್ಟುತ್ತದೆ. ಅಜ್ಜಿ ದೇವರಿಗೆ ತುಪ್ಪದ ದೀಪ ಹಚ್ಚಿ ಸುಮ್ಮನಾಗುತ್ತಾಳೆ. ನಿಷೇಧದ ಭಾಗ ವಿಮಾನವೇರಿ ಬಂದಿತು, ನಿಷೇಧಕ್ಕೆ ಪರಿಹಾರವಾಗಿದ್ದ ಹೆಂಗಸರ ಗೋಷ್ಠಿ ಬರಲಿಲ್ಲ. ತಂದೆ ಎದುರಿಗಿದ್ದಾಗ ಮಾತನಾಡಬಾರದೆಂಬುದನ್ನು ಕಲಿತ ಹುಡುಗಿಗೆ ತಂದೆಯಿಲ್ಲದಾಗ ಯಾರೊಡನೆ ಮಾತನಾಡಬೇಕೆಂಬುದು ತಿಳಿಯದಂತಾಯಿತು. ಶಾಲೆಯ ತರಗತಿಯಲ್ಲಿ ಕಾಣುವ ಮೌನಕ್ಕೆ ಮತನಿಷ್ಠೆಗಿಂತಲೂ ಈ ಕಡಿದ ಕೊಂಡಿಯೇ ಹೆಚ್ಚು ಕಾರಣವೆಂದು ಈ ಲೇಖಕನ ಅಭಿಪ್ರಾಯ.

ಮುಸಲ್ಮಾನ ಕುಟುಂಬಗಳ ಸಂಗತಿಯನ್ನು ಪರೀಕ್ಷಿಸಿದರೆ ಇದು ಇನ್ನಷ್ಟು ತಿಳಿಯಾಗುತ್ತದೆ. ಹೊರಗಿನವರು ಊಹಿಸುವುದಕ್ಕೆ ವಿರುದ್ಧವಾಗಿ, ಮದರಸದಲ್ಲಿ ಓದಿದ ಬ್ಯಾರಿ ಹುಡುಗ ಹುಡುಗಿಯರು ಪ್ರಾಯಪ್ರಬುದ್ಧತೆಯ ಲಕ್ಷಣಗಳನ್ನೂ ಮುಟ್ಟಿನ ನಿಯಮಗಳನ್ನೂ ಯಾವ ಸಂದರ್ಭಗಳಲ್ಲಿ ಸ್ನಾನ ಕಡ್ಡಾಯವಾಗುವುದೆಂಬುದನ್ನೂ ಶಾಲೆಯ ವಿಜ್ಞಾನದ ಪಾಠಕ್ಕಿಂತ ಮೊದಲೇ ಅರಿತಿರುತ್ತಾರೆ. ನಮಾಜು, ಉಪವಾಸಗಳ ಸಿಂಧುತ್ವವೇ ಈ ಜ್ಞಾನವನ್ನು ಅವಲಂಬಿಸಿರುವುದರಿಂದ ಫಿಕ್ಹ್, ಎಂದರೆ ಧರ್ಮಶಾಸ್ತ್ರದ, ಗ್ರಂಥಗಳು ಶುದ್ಧಿಯ ಪ್ರಕರಣದಲ್ಲಿ ಇವನ್ನು ನಿಸ್ಸಂಕೋಚವಾಗಿ ವಿವರಿಸುತ್ತವೆ. ಪ್ರವಾದಿಯವರ ಪತ್ನಿ ಆಯಿಷಾ ಅವರು ಮದೀನಾದ ಅನ್ಸಾರಿ ಸ್ತ್ರೀಯರನ್ನು, ಧರ್ಮವನ್ನರಿಯಲು ಅವರಿಗೆ ನಾಚಿಕೆ ಅಡ್ಡಿಯಾಗಲಿಲ್ಲವೆಂದು ಪ್ರಶಂಸಿಸಿದ ಪ್ರಸಂಗವನ್ನು ಉಸ್ತಾದರು ಹೇಳುವುದುಂಟು. ಅರಬರಲ್ಲಿಯೂ ಹಯಾ, ಎಂದರೆ ಶೀಲಯುಕ್ತವಾದ ಲಜ್ಜೆ, ಸದ್ಗುಣವೆನಿಸಿದೆ. ಆದರೆ ಅದು ಅಜ್ಞಾನಕ್ಕೆ ಸಮರ್ಥನೆಯಲ್ಲ. ಧರ್ಮಕರ್ತವ್ಯದ ರೂಪದಲ್ಲಿ ಬಂದಾಗ ಬಾಯಿ ಬಿಡುವ ಅದೇ ಮಗು ಜೀವಶಾಸ್ತ್ರದ ರೂಪದಲ್ಲಿ ಬಂದಾಗ ತಲೆ ತಗ್ಗಿಸುತ್ತದೆ. ಶಾಲೆಗಳಲ್ಲಿ ಮುಸ್ಲಿಂ ಮಕ್ಕಳಿಗೆ ಇಸ್ಲಾಮೀ ಧರ್ಮಶಿಕ್ಷಣ ಕಡ್ಡಾಯವಾಗಿರುವ ಎಮಿರೇಟ್ಸ್‌ನಲ್ಲಿ ವಿಜ್ಞಾನದ ಉಪಾಧ್ಯಾಯರೂ ಧರ್ಮಶಿಕ್ಷಣದ ಉಪಾಧ್ಯಾಯರೂ ಒಂದು ಗಂಟೆ ಕೂಡಿ ಕುಳಿತು ಪಾಠವನ್ನು ಹೊಂದಿಸಿಕೊಂಡರೆ ಆಗಬಹುದಾದ ಪ್ರಯೋಜನ ಬಹಳ. ಕ್ರೈಸ್ತರ ವಿಷಯದಲ್ಲಿಯೂ ಹೀಗೆಯೇ: ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಶಿಕ್ಷಣಘೋಷಣೆಯಲ್ಲಿ ಮಕ್ಕಳಿಗೆ ವಿವೇಕಪೂರ್ಣವಾದ ಲೈಂಗಿಕ ಶಿಕ್ಷಣ ಬೇಕೆಂದು ಒಪ್ಪಿಕೊಂಡಿತು, ಆದರೂ ಇಗರ್ಜಿಯ ಧರ್ಮೋಪದೇಶದ ತರಗತಿಗಳಲ್ಲಿ ಈ ಮಾತು ಸಾಮಾನ್ಯವಾಗಿ ವಿವಾಹಸಿದ್ಧತೆಯ ಹಂತಕ್ಕೆ ಮುಂದೂಡಲ್ಪಡುತ್ತದೆ.

ಎಮಿರೇಟ್ಸ್‌ನ ವಿದ್ಯಾರ್ಥಿಗಳೇ ಏನನ್ನು ಬಯಸುತ್ತಾರೆಂಬುದಕ್ಕೆ ಕೆಲವು ಶೋಧನೆಗಳಿವೆ. ಅಲ್ ಐನ್ ನಗರದಲ್ಲಿ 1976ರಲ್ಲಿ ಸ್ಥಾಪಿತವಾದ ಅಲ್ಲಿನ ರಾಷ್ಟ್ರೀಯ ವಿಶ್ವವಿದ್ಯಾನಿಲಯದ ಅರಬ್ ವಿದ್ಯಾರ್ಥಿಗಳಲ್ಲಿ ಎಚ್ಐವಿ ರೋಗದ ಅರಿವನ್ನು ಕುರಿತು ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ರೋಗ ಹರಡುವ ಬಗೆಯ ಮೇಲೆ ಅವರಲ್ಲಿ ತಪ್ಪು ಗ್ರಹಿಕೆಗಳು ಹೇರಳವಾಗಿದ್ದುದನ್ನೂ ಹೆಚ್ಚಿನ ತಿಳುವಳಿಕೆಯನ್ನು ಅವರು ಬಯಸುತ್ತಿದ್ದುದನ್ನೂ ತೋರಿಸಿತು. ಸಂಪ್ರದಾಯಸ್ಥ ಸಮಾಜದ ಯುವಜನರು ತಾವಾಗಿಯೇ ಈ ಶಿಕ್ಷಣವನ್ನು ದೂರವಿಡುತ್ತಾರೆಂಬ ನಂಬಿಕೆಗೆ ಇದರಿಂದ ಆಧಾರ ಸಿಗುವುದಿಲ್ಲ.

ಪಾಲುಗೊಳ್ಳುವಿಕೆ ಎಲ್ಲಿ ಹೆಚ್ಚುವುದೆಂಬುದಕ್ಕೆ ಅನುಭವದಿಂದ ದೊರೆತ ಉಪಾಯಗಳು ಸರಳವಾದವು. ಹಲವು ಭಾರತೀಯ ಶಾಲೆಗಳಲ್ಲಿ ಹಿರಿಯ ತರಗತಿಗಳ ಹುಡುಗ ಹುಡುಗಿಯರು ಹೇಗೂ ಪ್ರತ್ಯೇಕವಾಗಿ ಓದುತ್ತಾರೆ. ಬೇರೆ ಸಂದರ್ಭಗಳಲ್ಲಿ ಆಕ್ಷೇಪಾರ್ಹವೆನಿಸಬಹುದಾದ ಈ ವಿಭಜನೆ ಇಲ್ಲಿ ಅನುಕೂಲವಾಗಿಯೇ ಪರಿಣಮಿಸಿದೆ. ಪ್ರತಿ ಶಾಲೆಯಲ್ಲಿಯೂ ಇರಬೇಕಾದ ಆರೋಗ್ಯ ಕೊಠಡಿಯ ದಾದಿ, ಆಕೆ ಬಹುಮಟ್ಟಿಗೆ ಕೇರಳದವಳು, ಬಿಳಿಯ ಉಡುಪಿನ ಬಲದಿಂದ ಉಪಾಧ್ಯಾಯಿನಿ ಹೇಳಲಾರದ್ದನ್ನು ಹೇಳಬಲ್ಲಳು. ಮನೆಯಲ್ಲಿಲ್ಲದ ಸೋದರತ್ತೆಯ ಸ್ಥಾನ ತಿಳಿಯದೆಯೇ ಅವಳಿಗೆ ಒದಗಿಬಂದಿದೆ. ಹೆಸರಿಲ್ಲದ ಚೀಟಿಯಲ್ಲಿ ಪ್ರಶ್ನೆ ಬರೆದು ಪೆಟ್ಟಿಗೆಗೆ ಹಾಕಿಸುವ ಪದ್ಧತಿ ಭಾರತದ ಹದಿಹರೆಯದ ಶಿಕ್ಷಣದಲ್ಲಿಯೂ ಬಳಕೆಗೆ ಬಂದದ್ದು. ಕೈಯೆತ್ತದ ತರಗತಿಯಿಂದ ಚೀಟಿಗಳು ಮಾತ್ರ ರಾಶಿಯಾಗಿ ಬರುವುದನ್ನು ಈ ಕೆಲಸ ಮಾಡಿದ ಯಾರಾದರೂ ಬಲ್ಲರು. ಕೇಳುವವನ ಮುಖ ಮರೆಯಾದೊಡನೆ ಲಜ್ಜೆಗೆ ಭಂಗ ಬಾರದೆ ಜಿಜ್ಞಾಸೆ ಹೊರಬೀಳುತ್ತದೆ. ಕನ್ನಡದ ಓದುಗರಿಗೆ ಇದು ಹೊಸದೇನಲ್ಲ; ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನರ ‘ದಾಂಪತ್ಯ ದೀಪಿಕೆ’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ ಗ್ರಂಥಗಳು ಎಷ್ಟೋ ಮನೆಗಳಲ್ಲಿ ಕಪಾಟಿನ ಒಳಗಂಡಿಯಲ್ಲಿದ್ದು ಹೆಣ್ಣುಮಕ್ಕಳಿಗೆ ಮುಖ ತೋರಿಸದೆ ಉತ್ತರ ಕೊಟ್ಟವು. ಈಗ ಆ ಸ್ಥಾನವನ್ನು ಅಂತರ್ಜಾಲ ಆಕ್ರಮಿಸಿದೆ. ಎಮಿರೇಟ್ಸ್ ಸರಕಾರ ಅಶ್ಲೀಲ ತಾಣಗಳನ್ನು ತಡೆಹಿಡಿದಿದೆಯಾದರೂ ಸಹಪಾಠಿಯ ಮೊಬೈಲಿನಲ್ಲಿ ಹರಿದಾಡುವ ತುಣುಕುಗಳಿಗೆ ಅಂತಹ ಕಟ್ಟೆ ಕಟ್ಟಲಾಗದು. ಶಾಲೆ ಬಿಟ್ಟ ತೆರಪನ್ನು ಅವು ತುಂಬುತ್ತವೆ.

ತಂದೆತಾಯಿಗಳ ಪಾತ್ರಕ್ಕೆ ಅತ್ಯುತ್ತಮ ನಿದರ್ಶನ ಲಸಿಕೆಯದು. ಗರ್ಭಕೊರಳಿನ ಕ್ಯಾನ್ಸರನ್ನು ತಡೆಯುವ ಎಚ್‌ಪಿವಿ ಲಸಿಕೆಯನ್ನು ಅಬುಧಾಬಿಯ ಆರೋಗ್ಯ ಪ್ರಾಧಿಕಾರ 2008ರಲ್ಲಿಯೇ ಶಾಲಾಬಾಲಿಕೆಯರಿಗೆ ಕೊಡತೊಡಗಿತು. 2018ರಲ್ಲಿ ಅದು ರಾಷ್ಟ್ರೀಯ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು, 2023ರಲ್ಲಿ ಬಾಲಕರಿಗೂ ವಿಸ್ತರಿಸಿತು. ಲೈಂಗಿಕ ಸಂಪರ್ಕದಿಂದ ಹರಡುವ ವೈರಾಣುವಿಗೆ ಪ್ರತಿಯಾಗಿ ಅವಿವಾಹಿತ ಬಾಲಿಕೆಗೆ ಲಸಿಕೆ ಹಾಕಿಸುವುದೆಂದರೆ ಸಂಪ್ರದಾಯದ ಮನೆಗೆ ಸಣ್ಣ ಮಾತಲ್ಲ. ಆದರೂ ಕ್ಯಾನ್ಸರ್ ನಿವಾರಣೆಯ ಹೆಸರಿನಲ್ಲಿ, ಶಾಲೆಯ ಮೂಲಕ, ಮನೆಯವರ ಒಪ್ಪಿಗೆ ಪಡೆದು ಬಂದುದರಿಂದ ಅದು ಬೇರೂರಿತು. ಪಾಠದ ವಿಷಯದಲ್ಲಿಯೂ ಹಾಗೆಯೇ: ಶಾಲೆಯ ಒಪ್ಪಿಗೆ ಪತ್ರದಲ್ಲಿ ಅದರ ಉದ್ದೇಶ, ಬೋಧಿಸುವವರು ಯಾರು, ಏನನ್ನು ಹೇಳಲಾಗುವುದು, ಏನನ್ನು ಹೇಳಲಾಗದು ಎಂಬುದನ್ನು ವಿವರವಾಗಿ ಬರೆದರೆ ಪಾಲಕರು ಸಹಿ ಮಾಡುತ್ತಾರೆ. ಬರಿಯ ಶೀರ್ಷಿಕೆಯನ್ನಷ್ಟೆ ಕೊಟ್ಟ ಸರ್ಕ್ಯುಲರಿಗೆ ಶಂಕೆಯೇ ಉತ್ತರ.

ಈ ಎಲ್ಲ ವ್ಯವಸ್ಥೆಯಲ್ಲಿ ಅತ್ಯಂತ ಉಪೇಕ್ಷಿತನಾದವನು ಹುಡುಗ. ಪರಂಪರೆಯಲ್ಲಿ ಹುಡುಗಿಗೆ ಆರತಿಯಿತ್ತು, ಅತ್ತೆಯಿದ್ದಳು. ಇಂದಿನ ಶಾಲೆಯಲ್ಲಿ ಅವಳಿಗೆ ದಾದಿಯುಂಟು, ಸ್ಯಾನಿಟರಿ ನ್ಯಾಪ್ಕಿನ್ ತಯಾರಿಸುವ ಕಂಪನಿಗಳು ಏರ್ಪಡಿಸುವ ಉಪನ್ಯಾಸಗಳುಂಟು. ಹುಡುಗನಿಗೆ ಅಂದು ಏನೂ ಇರಲಿಲ್ಲ, ಇಂದೂ ಬಹುತೇಕ ಇಲ್ಲ. ಮದರಸದಲ್ಲಿ ಓದಿದವನು ಅಷ್ಟರಮಟ್ಟಿಗೆ ಭಾಗ್ಯವಂತ. ಹುಡುಗಿಯರನ್ನು ಪ್ರತ್ಯೇಕ ಕೊಠಡಿಗೆ ಕರೆದೊಯ್ದಾಗ ಹುಡುಗರನ್ನು ಆಟದ ಮೈದಾನಕ್ಕೆ ಅಟ್ಟುವ ರೂಢಿಯು ಈ ವಿದ್ಯೆ ತಮಗೆ ಸಂಬಂಧಿಸಿದ್ದಲ್ಲವೆಂಬುದನ್ನೇ ಅವರಿಗೆ ಕಲಿಸುತ್ತದೆ. ಸ್ತ್ರೀಯರಲ್ಲಿ ಗೌರವವಿರಬೇಕೆಂದು ಬೋಧಿಸುವ ನೈತಿಕ ಶಿಕ್ಷಣದ ಪುಸ್ತಕ ಆ ಕೊರತೆಯನ್ನು ತಾನೊಂದೇ ತುಂಬಲಾರದು. ಅದನ್ನು ತುಂಬಲು ನೆರವಾಗಬಲ್ಲ ಕರ್ನಾಟಕ ಸಂಘಗಳು ಎಮಿರೇಟ್ಸ್‌ನಲ್ಲಿವೆ. ದುಬೈಯಲ್ಲಿ ಕನ್ನಡ ಮಿತ್ರರು ಎಂಬ ಬಳಗ 2014ರಿಂದ ವಾರಾಂತ್ಯದಲ್ಲಿ ಮಕ್ಕಳಿಗೆ ಕನ್ನಡ ಪಾಠಶಾಲೆಯನ್ನು ನಡೆಸಿಕೊಂಡು ಬಂದಿದೆ. ಕರಾವಳಿಯಿಂದ ಹೋಗಿ ಅಲ್ಲಿನ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸುತ್ತಿರುವ ಕನ್ನಡಿಗ ವೈದ್ಯರಿಗೂ ಕೊರತೆಯಿಲ್ಲ. ರಾಜ್ಯೋತ್ಸವದ ವೇದಿಕೆಗೆ ಈ ವೈದ್ಯರನ್ನು ಕರೆದು ಶಾಲು ಹೊದಿಸುವ ಸಂಘಗಳು ವರ್ಷಕ್ಕೊಮ್ಮೆಯಾದರೂ ಅವರನ್ನು ಹದಿಮೂರು, ಹದಿನಾಲ್ಕು ವರ್ಷದ ಹುಡುಗರ ಮುಂದೆ, ಪ್ರಶ್ನೆಯ ಚೀಟಿಪೆಟ್ಟಿಗೆಯೊಡನೆ, ತಂದೆತಾಯಿಗಳನ್ನು ಹೊರಗೆ ಕೂಡಿಸಿ, ಎರಡು ಗಂಟೆ ಕುಳ್ಳಿರಿಸಬೇಕು.